ಮೊದಲು ಸೂಜಿ, ಆಮೇಲೆ ಪೂಜೆ

ಅವ್ವನ ಜೊತೆ ಮಾಡಿದ ವಾದಗಳಲ್ಲಿ ನಾನು ಪೂರ್ತಿಯಾಗಿ ಗೆದ್ದದ್ದು ಒಂದೇ ಒಂದು. ಅದನ್ನು ನೆನೆದರೆ ಈಗಲೂ ಸೋತಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ತಾಂಡೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಎದುರಿನವರ ಮಾತಿನಲ್ಲಿ ಸಡಿಲಾದ ಎಳೆ ಯಾವುದು ಎಂದು ಹುಡುಕುವುದು ಚಟವಾಗಿತ್ತು. ರಜೆಗೆ ತೆಲುಗು ಸೀಮೆಯೊಳಗಿನ, ಕಂಗ್ಟಿ ಹತ್ತಿರದ ನಮ್ಮ ಊರಿಗೆ ಬಂದರೂ ಆ ಚಟ ಬಿಡುತ್ತಿರಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ತೆಗೆದುಕೊಳ್ಳಬೇಕೆಂದು ನಾರಾಯಣಖೇಡದ ಡಾಕ್ಟರು ಹೇಳಿದ್ದರು. ಅವ್ವನದೋ ಮೊದಲು ಸ್ನಾನ, ಕೊರಳ ಲಿಂಗದ ಪೂಜೆ, ಆಮೇಲೆ ಸೂಜಿ, ಅದರ ಬೆನ್ನಿಗೇ ರೊಟ್ಟಿ. ಕಾಯುತ್ತ ಕೂರಲು ಹೊಲ ಬಿಡುತ್ತಿರಲಿಲ್ಲ.

"ಪೂಜಿಗಿ ನಿನಗ ಅರ್ಧ ತಾಸು ಹಿಡೀತದ, ಹೌದಿಲ್ಲ?" ಎಂದೆ.

"ಹೌದು."

"ಸೂಜಿ ಆದ ಮ್ಯಾಲ ಅರ್ಧ ತಾಸು ಕಾಯಬೇಕು, ಹೌದಿಲ್ಲ?"

"ಹೌದವ್ವಾ, ವಕೀಲಮ್ಮಾ."

"ಹಂಗಾದ್ರ ಮೊದಲು ಸೂಜಿ, ಆಮ್ಯಾಲ ಪೂಜಿ. ಎರಡೂ ಕೂಡೇ ಮುಗೀತಾವ. ಇದರಾಗ ತಪ್ಪೇನದ, ತೋರಿಸು."

ಅವ್ವನಿಗೆ ತೋರಿಸಲು ಆಗಲಿಲ್ಲ. "ನಿನ್ನ ಕೂಡ ಬಹಸ್ ಮಾಡಿ ಯಾರು ಗೆಲ್ತಾರ," ಎಂದು ನಕ್ಕು ಒಪ್ಪಿಕೊಂಡಳು. ತಪ್ಪು ನನಗೂ ಕಂಡಿರಲಿಲ್ಲ.

ಎರಡು ವಾರ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಅಪ್ಪ ತೊಗರಿ ಚೀಲ ಹೇರಿಕೊಂಡು ಜಹೀರಾಬಾದಿಗೆ ಹೋಗಿದ್ದ. ಅವ್ವ ಸ್ನಾನ ಮಾಡಿ ಬಂದಳು, ಸೂಜಿ ನಾನೇ ಹಾಕಿದೆ. ಅವಳು ಹಣೆಗೆ ವಿಭೂತಿ ಹಚ್ಚಿಕೊಂಡು ಕೂತು, ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ಕೊರಳಿನಿಂದ ಮುಂದಕ್ಕೆ ಎಳೆದುಕೊಂಡಳು. ಅದರ ಮುಚ್ಚಳ ಇರಲಿಲ್ಲ. ಒಳಗೆ ಲಿಂಗವೂ ಇರಲಿಲ್ಲ.

ಬಚ್ಚಲು, ಹಾಸಿಗೆ, ಕೌದಿಯ ಮಡಿಕೆ, ಎಲ್ಲ ಕೊಡವಿದೆವು. ಸಿಗಲಿಲ್ಲ. ಅವ್ವ ಗೋಡೆಗೆ ಒರಗಿ ಕೂತು ಮೆಲ್ಲಗೆ ಹೇಳಿದಳು: "ಲಿಂಗ ಸಿಗೋತನ ಬಾಯಿಗಿ ಏನೂ ಹಾಕಂಗಿಲ್ಲ ನಾ."

ಇದು ಅವಳೊಬ್ಬಳ ಹಟವಲ್ಲ. ಲಿಂಗ ಕಳೆದರೆ ನಮ್ಮವರಲ್ಲಿ ಅದು ಸಿಗಬೇಕು, ಇಲ್ಲವೇ ದೂರದ ಮಠದಿಂದ ಅಯ್ಯನೋರು ಬಂದು ಹೊಸದು ಕಟ್ಟಬೇಕು. ಅಲ್ಲಿಯವರೆಗೆ ಅನ್ನ ನೀರು ಇಲ್ಲ. ನನಗದು ಗೊತ್ತಿತ್ತು. ಮೊದಲಿನ ಪದ್ಧತಿಯೇ ಇದ್ದಿದ್ದರೆ ಅವ್ವ ಬರೀ ಉಪವಾಸ ಇರುತ್ತಿದ್ದಳು. ಈಗ ಹೊಟ್ಟೆ ಖಾಲಿ, ಒಳಗೆ ಇನ್ಸುಲಿನ್. ಹೋದ ಸೂಜಿಯನ್ನು ಹಿಂದಕ್ಕೆ ಎಳೆಯುವ ವಾದ ಯಾವುದೂ ಇಲ್ಲ.

ಆದರೂ ವಾದಿಸಿದೆ. ಪ್ರಾಣ ದೊಡ್ಡದೋ ನೇಮ ದೊಡ್ಡದೋ ಎಂದೆ. ಸಕ್ಕರೆ ಊಟವಲ್ಲ, ಔಷಧ ಎಂದೆ. ದನಿ ಏರುತ್ತಾ ಹೋಯಿತು.

"ಮುಂಜಾನಿ ಸೂಜಿ ಔಷಧ ಇತ್ತು, ಈಗ ಸಕ್ಕರಿನೂ ಔಷಧ," ಎಂದಳು ಅವ್ವ. "ನೀ ಹೇಳಿದ್ದಕ್ಕೆಲ್ಲ ಹೂಂ ಅನ್ಲಾಕ ನಾ ಏನ್ ನಿನ್ನ ಕಾಲೇಜಿನ ಜಡ್ಜಾ?"

ಮಾತು ಚುರುಕಾಗಿಯೇ ಇತ್ತು. ನಾಲಿಗೆ ಮಾತ್ರ ತುಸು ದಪ್ಪಗಾಗಿತ್ತು. ಬೆರಳು ಚುಚ್ಚಿ ನೋಡಿದೆ, ರಕ್ತದ ಸಕ್ಕರೆ ಐವತ್ತೆಂಟಕ್ಕೆ ಇಳಿದಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿ ತೆಲುಗಿನಲ್ಲಿ ಬೇಡಿಕೊಂಡೆ. ನಾರಾಯಣಖೇಡದಿಂದ ಬರಬೇಕು, ಮುಕ್ಕಾಲು ಗಂಟೆ ಎಂದರು. ಓಣಿಯೆಲ್ಲ ತೊಗರಿ ರಾಶಿಗೆ ಹೊಲಕ್ಕೆ ಹೋಗಿತ್ತು. ಅವ್ವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಸಕ್ಕರೆ ನೀರನ್ನು ಒತ್ತಾಯದಿಂದ ಬಾಯಿಗೆ ಸುರಿಯೋಣವೆಂದರೆ ಹಲ್ಲು ಕಚ್ಚಿದಳು. ಎಚ್ಚರ ತಪ್ಪಿದ ಮೇಲಂತೂ ಸುರಿಯಬಾರದು, ಉಸಿರು ಕಟ್ಟುತ್ತದೆ. ಎಚ್ಚರ ಇರುವಾಗಲೇ ಅವಳೇ ಕುಡಿಯಬೇಕು. ಎಷ್ಟು ನಿಮಿಷ ಉಳಿದಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಆಗ ನೆನಪಾದದ್ದು ನನ್ನ ಲಿಂಗ. ಹುಟ್ಟಿದಾಗ ಕಟ್ಟಿದ್ದನ್ನು ಎರಡು ವರ್ಷದ ಹಿಂದೆ ಬಿಚ್ಚಿ, ಟ್ರಂಕಿನಲ್ಲಿ ಬಹುಮಾನಪತ್ರಗಳ ಕೆಳಗೆ ಇಟ್ಟಿದ್ದೆ. ಅಂದು ಅವ್ವ ಜಗಳ ಮಾಡಿರಲಿಲ್ಲ. "ಕಳೀಬ್ಯಾಡ, ಇಟ್ಟಿರು," ಎಂದಷ್ಟೇ ಹೇಳಿದ್ದಳು. ಲಿಂಗಕ್ಕೆ ಎರೆದ ನೀರು ಅವಳ ಲೆಕ್ಕದಲ್ಲಿ ಬರೀ ನೀರಲ್ಲ, ತೀರ್ಥ.

"ಅವ್ವಾ, ನಾ ನನ್ನ ಲಿಂಗ ಪೂಜಿ ಮಾಡಿ ತೀರ್ಥ ಕೊಟ್ರ ತಗೋತಿ?"

ಅವಳು ನನ್ನ ಮುಖ ಹುಡುಕುವಂತೆ ನೋಡಿದಳು. ಕಣ್ಣು ನಿಲ್ಲುತ್ತಿರಲಿಲ್ಲ. "ನಂಬಿಕಿ ಇಲ್ದಕಿ ನೀ. ಹ್ಯಾಂಗ ಮಾಡ್ತಿ?"

"ಅಂಜಿಕಿ ಅದವ್ವಾ," ಎಂದೆ.

ಅವಳು ಕೊರಳ ಖಾಲಿ ಕರಡಿಗೆಯನ್ನು ಮುಟ್ಟಿ ನೋಡಿಕೊಂಡು ಹೇಳಿದಳು: "ಜಳಕ ಮಾಡಿ ಬಾ."

ಜಳಕವಂತೆ! ಉಟ್ಟ ಬಟ್ಟೆಯಲ್ಲೇ ತಣ್ಣೀರಿನ ಎರಡು ಕೊಡ ಸುರಿದುಕೊಂಡು ಓಡಿ ಬಂದೆ. ಟ್ರಂಕಿನ ಕಾಗದಗಳನ್ನು ನೆಲಕ್ಕೆ ಚೆಲ್ಲಿ ಕರಡಿಗೆ ತೆಗೆದೆ. ಲಿಂಗವನ್ನು ಬಲ ಅಂಗೈಯಲ್ಲಿಟ್ಟೆ. "ಎಡಗೈ," ಎಂದಳು ಅವ್ವ ಅರೆಮುಚ್ಚಿದ ಕಣ್ಣಿನಲ್ಲೇ. ಇದೂ ಜಾರಿ ಹೋದೀತೆಂದು ಬೆರಳು ಬಿಗಿ ಮಾಡಿಕೊಂಡೆ. ವಿಭೂತಿ, ನೀರು, ಮತ್ತೆ ನೀರು. ಮಂತ್ರ ಅರ್ಧಕ್ಕೇ ಮರೆತುಹೋಯಿತು. ಅವ್ವ ತೊದಲುತ್ತಾ ಮುಗಿಸಿದಳು. ಇಳಿದ ನೀರನ್ನು ಬಟ್ಟಲಿಗೆ ಹಿಡಿದು, ಅವಳಿಗೆ ಬೆನ್ನು ಮಾಡಿ, ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ಹಾಕಿ ಬೆರಳಲ್ಲೇ ಕದಡಿದೆ.

ಒಂದು ಗುಟುಕು ಕುಡಿದು ನಿಲ್ಲಿಸಿದಳು. "ಇಷ್ಟು ಸೀ ತೀರ್ಥ ಯಾವ ಮಠದಾಗ ಕೊಡ್ತಾರ?"

"ಬಹಸ್ ಬ್ಯಾಡ. ಕುಡಿ."

ಬಟ್ಟಲು ಖಾಲಿಯಾಯಿತು. ಇನ್ನೊಂದು ಬಟ್ಟಲು ಕೊಟ್ಟೆ, ಅದನ್ನೂ ಕುಡಿದಳು. ಆಂಬುಲೆನ್ಸಿನವರು ಬರುವಷ್ಟರಲ್ಲಿ ಅಲೆಯುತ್ತಿದ್ದ ಅವಳ ನೋಟ ಸ್ಥಿರವಾಗಿತ್ತು. ಅವರು ಗ್ಲೂಕೋಸ್ ಬಾಟಲಿ ಹಚ್ಚಿದಾಗ ಅವ್ವ ಬೇಡವೆನ್ನಲಿಲ್ಲ. "ಅದು ಕೈಯಾಗ ಹೋಗ್ತದ, ಬಾಯಾಗ ಅಲ್ಲ," ಎಂದಳು. ರೊಟ್ಟಿ ಮಾತ್ರ ಮುಟ್ಟಲಿಲ್ಲ.

ಮಧ್ಯಾಹ್ನ, ಹಿಂದಿನ ದಿನ ಅವಳು ತೊಗರಿ ಹೊಟ್ಟು ಹೊತ್ತು ತಂದ ಹಳೇ ಸೀರೆಯನ್ನು ನಾನು ಕೊಟ್ಟಿಗೆಯಲ್ಲಿ ಬಿಡಿಸಿದಾಗ ಲಿಂಗ ಕೈಗೆ ತಗುಲಿತು. ಅಪ್ಪ ಆಗಷ್ಟೇ ಬಂದಿದ್ದ. "ಎಮ್ಮಿ ತಿಂದಿತ್ತಂದ್ರ ಅದಕ್ಕೂ ಪೂಜಿ ಮಾಡಬೇಕಾಗ್ತಿತ್ತು," ಎಂದ. ಅವ್ವ ಅದನ್ನು ತೊಳೆದು, ಪೂಜೆ ಮುಗಿಸಿ, ರೊಟ್ಟಿ ಮುರಿದಳು.

ಈಗ ಅವ್ವನದು ಮೊದಲು ಪೂಜೆ, ಆಮೇಲೆ ಸೂಜಿ, ಆಮೇಲೆ ಅರ್ಧ ಗಂಟೆ ಕಾಯುವುದು. ಕಾಯುವಾಗ ತೊಗರಿ ಹಸನು ಮಾಡುತ್ತಾಳೆ. ನನ್ನ ಲಿಂಗ ಮತ್ತೆ ಟ್ರಂಕಿಗೆ ಹೋಯಿತು. ಅಂದು ನಾನು ನಂಬಿದೆನೆಂದು ಹೇಳಿದರೆ ಸುಳ್ಳಾಗುತ್ತದೆ, ಅವ್ವನೂ ಕೇಳಲಿಲ್ಲ. ತಾಂಡೂರಿನ ಹಾಸ್ಟೆಲಿನಿಂದ ದಿನಾ ಬೆಳಿಗ್ಗೆ ಫೋನ್ ಮಾಡುತ್ತೇನೆ. "ಕೊರಳಾಗೂ ಅದ, ಹೊಟ್ಟಿಗೂ ಆತು, ಇಡು ಫೋನ್," ಎನ್ನುತ್ತಾಳೆ. ಒಂದೊಂದು ದಿನ ಎತ್ತುವುದು ತಡವಾಗುತ್ತದೆ. ಆಗ ನನ್ನ ತಟ್ಟೆಯ ಉಪ್ಪಿಟ್ಟು ಆರುತ್ತಾ ಕೂತಿರುತ್ತದೆ, ಮುಟ್ಟಲಾಗುವುದಿಲ್ಲ.