ಹಾಜಿರಾಬಿಯ ಐದು ನಕ್ಷತ್ರ

ರಾಮದುರ್ಗದ ಹಾಜಿರಾಬಿಗೆ ಅಂತರ್ಜಾಲದಲ್ಲಿ ಐದಕ್ಕೆ ಐದು ನಕ್ಷತ್ರಗಳಿದ್ದವು. ಅವಳ ಕೆಲಸ ತೀರಿಕೊಂಡ ಹೆಂಗಸರಿಗೆ ಕೊನೆಯ ಜಳಕ ಮಾಡಿಸುವುದು. ಸೇವೆ ಪಡೆದವರಲ್ಲಿ ಯಾರೂ ಎದ್ದು ಬಂದು ಅಭಿಪ್ರಾಯ ಬರೆಯುವಂತಿರಲಿಲ್ಲವಾದ್ದರಿಂದ, ನಕ್ಷತ್ರಗಳನ್ನು ಅವಳ ತಂಗಿಯ ಮಗ ಅಯಾಜನೇ ಕೊಟ್ಟಿದ್ದ.

ಅಯಾಜನದು ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ. ಅವನನ್ನು ಕೇಳಿದರೆ ಅದು ಉಪಕಸುಬು. ರಾಮದುರ್ಗವನ್ನು ಜಗತ್ತಿಗೆ ತೋರಿಸುವುದು ಅಸಲು ಕಸುಬು. ಯಾವ ಅಂಗಡಿ ಎಷ್ಟೊತ್ತಿಗೆ ತೆರೆಯುತ್ತದೆ, ಯಾವ ದವಾಖಾನೆಗೆ ಮೆಟ್ಟಿಲು ಹತ್ತಬೇಕು, ಎಲ್ಲಿ ಗಾಡಿ ನಿಲ್ಲಿಸಲು ಜಾಗವಿದೆ, ಎಲ್ಲವನ್ನೂ ಹುಡುಕುವವರ ಕಣ್ಣಿಗೆ ಬೀಳುವಂತೆ ತುಂಬುತ್ತಿದ್ದ.

"ಮೊದಲ ನಮ್ಮೂರು ಎಲ್ಲಿತ್ತು ಖಾಲಾ? ಮಲಪ್ರಭಾ ದಂಡಿಮ್ಯಾಗ. ಈಗ ಎಲ್ಲೈತಿ? ಹುಡುಕಿದ ಕೂಡ್ಲೇ ಮ್ಯಾಲಿಂದ ಎರಡನೇ ಸಾಲಿನ್ಯಾಗ!"

"ಹಂಗಾರ ಇನ್ನ ಹೊಳಿ ಬಂದ್ರ ಮುಳುಗೂದಿಲ್ಲ ಬಿಡು," ಎಂದಿದ್ದಳು ಹಾಜಿರಾಬಿ.

ಪರವೂರಿನವರಿಗೆ ದುಃಖದ ಹೊತ್ತಿನಲ್ಲಿ ಅನುಕೂಲವಾಗಲೆಂದು ಅವಳನ್ನೂ ಸೇರಿಸಿದ. ಅವಳ ಕಸುಬಿಗೆ ಅಲ್ಲಿ ಖಾನೆಯೇ ಇರಲಿಲ್ಲ. ಹತ್ತಿರದ್ದೆಂದು 'ಸ್ನಾನ ಮತ್ತು ಸೌಂದರ್ಯ' ಎಂಬುದನ್ನು ಒತ್ತಿದ. ಅಲ್ಲಿ ಸಾವಿನ ಮಾತು ಬರೆದರೆ ಚೆಂದವಲ್ಲವೆಂದು 'ಹೆಂಗಸರಿಗೆ ಮಾತ್ರ, ಮನೆಗೇ ಬರುತ್ತಾರೆ, ಹಗಲೂ ರಾತ್ರಿ ತೆರೆದಿದೆ' ಎಂದು ಬರೆದು, ಕೆಳಗೆ ಕರೆ ಮಾಡುವ ಗುಂಡಿಯನ್ನೂ ಇಟ್ಟ.

ಹಾಜಿರಾಬಿ ಅದನ್ನು ನೋಡಲೂ ಇಲ್ಲ. ಅವಳಿಗೆ ಏನೂ ಅನಿಸುವುದು ನಿಂತು ಬಹಳ ಕಾಲವಾಗಿತ್ತು. ಗಂಡ ಹೋದಾಗ ಅಳು ಬರಲಿಲ್ಲ. ಬರಲಿಲ್ಲವಲ್ಲಾ ಎಂಬ ಸಂಕಟವೂ ಬರಲಿಲ್ಲ. ಕಸುಬು ಕಲಿಸಿದ ಅತ್ತೆ ಒಂದು ಕಟ್ಟಳೆ ಹಾಕಿಕೊಟ್ಟಿದ್ದಳು: ಕರೆ ಬಂದರೆ ಹೊರಡಬೇಕು, ಯಾರು, ಏನಾಗಿತ್ತು ಎಂದು ಕೇಳಬಾರದು. ನೊಂದವರ ಬಾಯಿಂದ ಆ ಮಾತು ಹೊರಡಿಸುವುದು ಪಾಪ.

ಹಾಗಾಗಿ ಒಂದು ಬೆಳಿಗ್ಗೆ ತೊರಗಲ್ಲಿನಿಂದ ಹೆಣ್ಣುದನಿಯೊಂದು, "ಹುಡುಗಿಗೆ ಜಳಕ ಮಾಡಸೂದೈತ್ರಿ ಖಾಲಾ, ಲಗೂನ ಬರ್ರಿ, ಗಾಡಿ ಕಳಸೇವಿ," ಎಂದಾಗ ಹಾಜಿರಾಬಿ, "ಅಲ್ಲಾನ ಮರ್ಜಿ," ಎಂದಷ್ಟೇ ಹೇಳಿ, ಕರ್ಪೂರ, ಹತ್ತಿ, ಬಿಳಿ ಬಟ್ಟೆಯ ಗಂಟು ಎತ್ತಿಕೊಂಡಳು.

ತೊರಗಲ್ಲಿನ ಕೋಟೆಯ ಕೆಳಗಿನ ಆ ಮನೆಗೆ ಪೆಂಡಾಲು ಹಾಕಿತ್ತು. ಲಗ್ನದ ಮನೆಯಲ್ಲಿ ಸಾವಾಗುವುದನ್ನೂ ಅವಳು ಕಂಡಿದ್ದಳು. ಅಂಗಳದಲ್ಲಿ ಹೆಂಗಸರು ನಗುತ್ತಿದ್ದರು; ಪಾಪ, ಇವರಿಗೆ ಇನ್ನೂ ತಿಳಿಸಿಲ್ಲ ಅಂದುಕೊಂಡಳು. ಕರೆ ಮಾಡಿದ್ದವಳು ಮದುಮಗಳ ಅಕ್ಕ. ಅವಳು ಹಾಜಿರಾಬಿಯನ್ನು ಬಚ್ಚಲಮನೆಗೆ ಬಿಟ್ಟು, ಬಾಗಿಲು ಮುಂದೆ ಮಾಡಿ ಹೋದಳು. ಒಳಗೆ ಮಬ್ಬು. ಹುಡುಗಿಯೊಬ್ಬಳು ಮೈತುಂಬ ಅರಿಶಿನ ಬಳಿದುಕೊಂಡು, ಗೋಡೆಗೊರಗಿ, ಕಣ್ಣು ಮುಚ್ಚಿ ಮಣೆಯ ಮೇಲೆ ಕೂತಿದ್ದಳು. ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದಾರೆ ಅಂದುಕೊಂಡು ಹಾಜಿರಾಬಿ ಗಂಟು ಇಳಿಸಿ, ಬಾಯೊಳಗೇ ದುವಾ ಹೇಳಿ, ಒಂದು ಚೆಂಬು ನೀರು ಸುರಿದಳು.

"ಅಯ್ಯ ಖಾಲಾ! ಸುಡತೈತ್ರಿ!"

ಚೆಂಬು ಬಿತ್ತು. ಇಷ್ಟು ವರ್ಷಗಳಲ್ಲಿ ನೀರು ಸುಡುತ್ತದೆಂದು ಯಾರೂ ದೂರಿರಲಿಲ್ಲ.

ಹಾಜಿರಾಬಿ ಗೋಡೆ ಹಿಡಿದು ನಿಂತು, ಮೆಲ್ಲಗೆ ಹೇಳಿದಳು: "ತಪ್ಪಾಗೇತಿ ಬೇಟಾ. ನಾ ಮಯ್ಯತ್ತಿಗೆ ಜಳಕ ಮಾಡ್ಸಾಕಿ. ಸತ್ತವರನ್ನ ಮುಟ್ಟೂ ಕೈ ಇವು. ನಾ ಹೊಂಡತೇನಿ, ನಿಮ್ಮಮ್ಮಿಗೆ ಹೇಳಿ ಬ್ಯಾರೇದಾರನ್ನ ಕರಸ್ಕೋ."

ಹುಡುಗಿಯ ಹೆಸರು ಗುಲಫಶಾ. ಅವಳು ಮೊದಲು ಗಂಟನ್ನು ನೋಡಿದಳು, ಆಮೇಲೆ ಬಾಗಿಲನ್ನು.

"ಹೊರಗ ಬೀಗ್ತೇರು ಕುಂತಾರ್ರಿ. ಹೋದ ವರ್ಷ ನಿಶ್ಚಯದ ದಿವಸ ನನ್ನ ಕೈಯಾನ ಬಳಿ ಒಡೆದ್ವು ಅಂತ ಮೊದಲಿನ ಬೀಗರು ಸಂಬಂಧ ಮುರಕೊಂಡು ಹೋಗ್ಯಾರ. ಬಳಿಗೇ ಹಂಗ ಮಾಡ್ಯಾರಂದ್ರ, ನೀವು ಈಗ ಎದ್ದು ಹೋದ್ರ ಇವರು ಬಿಡತಾರೇನು? ಯಾಕ, ಏನು ಅಂತ ಕೇಳೇ ಕೇಳತಾರ."

"ಮತ್ತ?"

"ಮತ್ತೇನು, ತಣ್ಣೀರ ಬೆರಸ್ರಿ. ಥಂಡಿ ಹತ್ತಾಕತ್ತೈತಿ."

"ನನ್ನ ಕೈ..."

"ಕೈಗೇನಾಗೇತ್ರಿ? ಮದರಂಗಿ ಹಚ್ಚಾಕ ಬಂದಾಕಿ ಕೈಕಿಂತ ಸ್ವಚ್ಛ ಅದಾವ. ಅಕಿ ಗುಟಖಾ ತಿನ್ನಾಕತ್ತಿದ್ಳು."

ಹಾಜಿರಾಬಿ ತಣ್ಣೀರು ಬೆರೆಸಿದಳು. ಕೈಗೆ ಗೊತ್ತಿದ್ದುದು ಒಂದೇ ಪದ್ಧತಿ: ಮೊದಲು ಬಲಮಗ್ಗುಲು, ಆಮೇಲೆ ಎಡ. ಅರಿಶಿನ ಬಿಡಿಸಲು ಪಕ್ಕೆಗೆ ಕೈ ಹಾಕಿದರೆ ಹುಡುಗಿ ಮೀನಿನಂತೆ ಜಾರಿದಳು.

"ಅಲ್ಲಾಡಬ್ಯಾಡ."

"ಕಚಗುಳಿ ಆಗತೈತ್ರಿ! ನಾ ಏನ ಮಯ್ಯತ್ ಏನು, ಸುಮ್ಕ ಕುಂದ್ರಾಕ?"

ಅಂದವಳೇ ಬಾಯಿ ಮುಚ್ಚಿಕೊಂಡಳು. ಹಾಜಿರಾಬಿ ಇನ್ನೊಂದು ಚೆಂಬು ನೀರು ಸುರಿದಳು.

"ಎಡಗೈ," ಎಂದಳು ಹಾಜಿರಾಬಿ. ಎತ್ತಿಕೊಳ್ಳಲು ಬಗ್ಗಿದಳು. ಅದು ತಾನೇ ಮೇಲೆದ್ದು ಬಂತು.

ಜಳಕ ಮುಗಿಯಿತು. ಮುಂದಿನ ಕೆಲಸಕ್ಕೆ ಬಿಳಿ ಬಟ್ಟೆ ಬೇಕೆಂದು ಅವಳ ಕೈ ಗಂಟಿನವರೆಗೆ ಹೋಗಿ ನಿಂತಿತು. ಅಷ್ಟರಲ್ಲಿ ಗುಲಫಶಾ ಗೂಟದ ಮೇಲಿನ ಟವೆಲ್ ಎಳೆದು ಸುತ್ತಿಕೊಂಡು, ಬಾಗಿಲು ತೆರೆದು, "ಅಕ್ಕಾ, ಆತು ನೋಡ!" ಎಂದು ಕೂಗುತ್ತ ನಡೆದುಹೋದಳು. ಹೊರಗೆ ಢೋಲಕ್ ಶುರುವಾಯಿತು. ಬೀಗಿತ್ತಿಯೊಬ್ಬಳು, ಮದುಮಗಳ ಮೈ ಎಷ್ಟು ಫಳಫಳ ಹೊಳೆಯುತ್ತಿದೆ ಎಂದು ಹೊಗಳಿದ್ದು ಬಚ್ಚಲಿಗೂ ಕೇಳಿಸಿತು.

ಹಾಜಿರಾಬಿ ಖಾಲಿ ಮಣೆಯ ಮುಂದೆ ಕೂತಿದ್ದಳು. ಖುಷಿಯಾಗಬೇಕಿತ್ತೋ, ಹೆದರಬೇಕಿತ್ತೋ, ತಿಳಿಯಲಿಲ್ಲ. ಗುಲಫಶಾಳ ತಾಯಿ ಬಂದು ಕೈಹಿಡಿದು ಎಬ್ಬಿಸಿ, ತನ್ನಂತೆಯೇ ಏನೂ ಅರಿಯದ ಬೀಗಿತ್ತಿಯರ ನಡುವೆ ಊಟಕ್ಕೆ ಕೂರಿಸಿದಳು. ಕರೆದ ಮನೆಯಲ್ಲಿ ಹಾಜಿರಾಬಿ ಎಂದೂ ನೀರು ಕೂಡ ಮುಟ್ಟಿದವಳಲ್ಲ. ಬಡಿಸಿದ್ದನ್ನು ಉಂಡಳು. ಎಷ್ಟೊತ್ತಿಗೆ ಏಳಬೇಕೆಂದು ಗೊತ್ತಾಗದೆ, ಮತ್ತೊಮ್ಮೆ ಬಡಿಸಿಕೊಂಡಳು.