ಗಂಟೆ ನಿಲ್ಲುವವರೆಗೆ ನಿಂತ ಹುಂಜ

ಕೋಳಿಗೆ ತಾಳ್ಮೆ ಇದೆಯೇ ಇಲ್ಲವೇ ಎಂದು ಕಂಡುಹಿಡಿಯಲು ನಾನು ಪಿಎಚ್‌ಡಿ ಮಾಡುತ್ತಿದ್ದೆ. ಇದನ್ನು ಕೇಳಿ ನಗದೇ ಇದ್ದವರು ನಮ್ಮೂರಿನಲ್ಲಿ ಇಬ್ಬರೇ, ಒಂದು ನಮ್ಮಪ್ಪ, ಇನ್ನೊಂದು ನಮ್ಮ ಹುಂಜ. ಅಪ್ಪನಿಗೆ ಆಗ ಲಕ್ವ ಹೊಡೆದು ಬಾಯಿಯ ಒಂದು ಕಡೆ ಬಿದ್ದುಹೋಗಿತ್ತು, ನಗಬೇಕೆಂದರೂ ಆಗುತ್ತಿರಲಿಲ್ಲ.

ಪ್ರಯೋಗಕ್ಕೆ ಫಾರಂ ಕೋಳಿ ಬೇಡ, ನಾಟಿ ಕೋಳಿಯೇ ಆಗಬೇಕು ಎಂದು ನಮ್ಮ ಗೈಡ್ ಹೇಳಿದ್ದೇ ತಡ, ನಾನು ಗಂಟುಮೂಟೆ ಕಟ್ಟಿಕೊಂಡು ದೊಡ್ಡಗಾಜನೂರಿನ ಆಚೆ ನಮ್ಮ ಹೊಲದ ಮನೆಗೆ ಬಂದುಬಿಟ್ಟೆ. ಕೋಳಿಯನ್ನೂ ನೋಡಿದಂತಾಯಿತು, ಅಪ್ಪನನ್ನೂ ನೋಡಿಕೊಂಡಂತಾಯಿತು. ಆಡಿನ ಕೊಟ್ಟಿಗೆಯ ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಗೂಡು ಮಾಡಿದೆ. ಅದರ ನೆತ್ತಿಯ ಮೇಲೆ ಇಸ್ಪೀಟೆಲೆಯಷ್ಟು ಅಗಲದ ಸರ್ಕ್ಯೂಟ್ ಬೋರ್ಡು. ಬೋರ್ಡಿಗೆ ಸುದ್ದಿ ಮುಟ್ಟಿಸುವ ಸಾಧನ ಎರಡು: ಕೋಳಿ ಕೊಕ್ಕಿನಿಂದ ಕುಕ್ಕುವ ಸ್ವಿಚ್ಚು, ಕೋಳಿ ಗೆರೆ ದಾಟಿದರೆ ಗೊತ್ತುಮಾಡುವ ಸೆನ್ಸರ್. ಬೋರ್ಡು ಹೇಳಿದಂತೆ ಕೆಲಸ ಮಾಡುವ ಸಾಧನವೂ ಎರಡು: ಕಿರುಚುವ ಬಜರ್, ರಾಗಿ ಬೀಳಿಸುವ ಪುಟಾಣಿ ಮೋಟಾರು. ಒಳಕ್ಕೆ ಹೋಗುವುದು ಇನ್‌ಪುಟ್ಟು, ಹೊರಕ್ಕೆ ಬರುವುದು ಔಟ್‌ಪುಟ್ಟು ಎಂದು ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ಕೋಳಿ ಹಿಕ್ಕೆ ಗುಡಿಸುತ್ತಾ, ಕೋಳಿಯೂ ಅಷ್ಟೇ ತಾನೇ, ಅದಕ್ಕೆ ಕರೆಂಟು ಯಾಕೆ ಎಂದಳು.

ಆಟದ ನಿಯಮ ಸುಲಭ. ಸದ್ದು ಆಗುತ್ತಿರುವಷ್ಟು ಹೊತ್ತು ಕೋಳಿ ಗೆರೆಯ ಹಿಂದೆ ಕಲ್ಲಿನ ಹಾಗೆ ನಿಂತಿರಬೇಕು. ಸದ್ದು ನಿಂತಮೇಲೆ ಮುಂದೆ ಬಂದು ಸ್ವಿಚ್ಚು ಕುಕ್ಕಿದರೆ ರಾಗಿ. ನಡುವೆ ಅಲುಗಾಡಿದರೆ ಏನೂ ಇಲ್ಲ. ಆದರೆ ಆ ಬಜರ್ ಹಿಂದಕ್ಕೆ ಬರುವ ಲಾರಿಯ ಹಾಗೆ ಕೂಗುತ್ತಿತ್ತು. ಮೊದಲ ದಿನವೇ ಕೋಳಿಗಳೆಲ್ಲ ಗೂಡು ಹಾರಿ ಪಕ್ಕದವರ ಹುರುಳಿ ಹೊಲ ಸೇರಿದವು, ಅವುಗಳನ್ನು ಅಟ್ಟಿಕೊಂಡು ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ಆಗ ಅವ್ವ ದೇವರ ಗೂಡಿನಿಂದ ಹಳೆಯದೊಂದು ಪೂಜೆ ಗಂಟೆ ತಂದುಕೊಟ್ಟಳು. ಮೊಟ್ಟೆಯಿಂದ ಆಚೆ ಬಂದ ದಿನದಿಂದ ಕೇಳಿರುವ ಸದ್ದು, ಇದಕ್ಕೆ ಯಾವ ಕೋಳಿಯೂ ಹೆದರುವುದಿಲ್ಲ ಎಂದಳು. ಬಜರ್ ಕಿತ್ತುಹಾಕಿ, ಗಂಟೆಯ ನಾಲಿಗೆಗೆ ಇನ್ನೊಂದು ಮೋಟಾರು ಕಟ್ಟಿದೆ. ನಿಜಕ್ಕೂ ಒಂದು ಕೋಳಿಯೂ ಓಡಲಿಲ್ಲ. ನನ್ನ ಅವ್ವನ ಬುದ್ಧಿಗೆ ಎಷ್ಟು ಹೆಮ್ಮೆಪಟ್ಟೆನೆಂದರೆ, ಗೈಡ್‌ಗೆ ಫೋಟೋ ಕೂಡ ಕಳಿಸಿದೆ.

ಕೋಳಿಗಳೇನೋ ಓಡಲಿಲ್ಲ, ಕಲಿಯಲೂ ಇಲ್ಲ. ಒಂದು ಹ್ಯಾಟೆ ಕೋಳಿ ಬೋರ್ಡಿನ ಬಿಸಿ ಹಿತವಾಗಿದೆಯೆಂದು ಅದರ ಮೇಲೆಯೇ ಕಾವು ಕೂತಿತು. ಇನ್ನೊಂದು ದಿನವಿಡೀ ಗೆರೆ ದಾಟುತ್ತಲೇ ಇತ್ತು. ಮೂರನೆಯದು ಒಂದೇ ಬೆಳಗ್ಗೆ ಅದ್ಭುತವಾಗಿ ಆಡಿದೆಯೆಂದು ಬೋರ್ಡು ಲೆಕ್ಕ ತೋರಿಸಿ ನನ್ನನ್ನು ಕುಣಿಸಿಬಿಟ್ಟಿತು. ಹೋಗಿ ನೋಡಿದರೆ ಆಡು ಕತ್ತು ತೂರಿಸಿ ಸ್ವಿಚ್ಚು ನೆಕ್ಕುತ್ತಾ ಒಂದು ಪಡಿ ರಾಗಿ ಖಾಲಿ ಮಾಡಿತ್ತು.

ಕಲಿತಿದ್ದು ಹುಂಜ ಒಂದೇ. ಅದೂ ಹರಕೆ ಹುಂಜ. ಅಪ್ಪನನ್ನು ವ್ಯಾನಿನಲ್ಲಿ ಹಾಕಿಕೊಂಡು ಸತ್ಯಮಂಗಲದ ಆಸ್ಪತ್ರೆಗೆ ಹೋಗುವಾಗ ದಿಂಬಂ ತಿರುವಿನಲ್ಲಿ ಲಾರಿಗಳು ಸಿಕ್ಕಿಕೊಂಡು ದಾರಿ ಕಟ್ಟಿತ್ತಂತೆ. ಅಲ್ಲೇ ಅವ್ವ, ಇವರು ಎದ್ದು ನಡೆದರೆ ನಮ್ಮ ಹೊಲದ ಮಾರಮ್ಮನಿಗೆ ಹುಂಜ ಕೊಡುತ್ತೇನೆ ಎಂದು ಬೇಡಿಕೊಂಡಳು. ಅಪ್ಪ ಎದ್ದರು, ಕೋಲು ಹಿಡಿದು ನಡೆದರು. ಹರಕೆಯ ಹುಂಜವನ್ನು ನನ್ನ ಪ್ರಯೋಗಕ್ಕೆ ಬಿಡಬಹುದೇ ಎಂದು ಅವ್ವನನ್ನು ಮೊದಲೇ ಕೇಳಿದ್ದೆ.

“ಕಲ್ತ್ಕಳ್ಳಿ ಬುಡು ಮಗಾ,” ಎಂದಿದ್ದಳು. “ಓದಿದ ಉಂಜ ಅಂದ್ರ ಅಮ್ಮಂಗೂ ಚೆಂದ ಕಾಣ್ತದ.”

ಓದಿತು ಅಂದರೆ ಅಂತಿಂಥ ಓದಲ್ಲ. ಗಂಟೆ ಎಷ್ಟು ಹೊತ್ತು ಹೊಡೆದರೂ ಕತ್ತು ಎತ್ತಿ, ರೆಪ್ಪೆ ಕೂಡ ಮಿಟುಕಿಸದೆ ನಿಲ್ಲುತ್ತಿತ್ತು. ಮೈಮೇಲೆ ನೊಣ ಕೂತರೂ ಅಷ್ಟೇ. ಗಂಟೆ ನಿಂತಿತೋ, ಗತ್ತಿನಿಂದ ಬಂದು ಸ್ವಿಚ್ಚಿಗೆ ಒಂದು ಕುಕ್ಕು. ಕರೆಂಟು ಹೋದ ದಿನ ನಾನೇ ಗಂಟೆ ಹೊಡೆದು ನನ್ನ ಜೇಬಿನಿಂದಲೇ ರಾಗಿ ಕೊಡುತ್ತಿದ್ದೆ. ಫಲಿತಾಂಶ ನೋಡಿ ಗೈಡ್ ಫೋನಿನಲ್ಲೇ ಕೂಗಿಬಿಟ್ಟರು, ಈ ಹುಂಜ ಜೋಪಾನ, ಇಡೀ ಥೀಸಿಸ್ ಅದರ ಕಾಲ ಮೇಲೆ ನಿಂತಿದೆ ಎಂದರು. ಹರಕೆಯ ವಿಷಯ ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಇದರ ನಡುವೆ ಅಪ್ಪನದೊಂದು. ಡಾಕ್ಟರು ಹೇಳಿದಂತೆ ಅವರು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಪೂಜೆ ಗಂಟೆ ಕೇಳಿದರೆ ಇದ್ದಲ್ಲೇ ನಿಂತು ಕೈಮುಗಿಯುವುದು ಅವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಕೊಟ್ಟಿಗೆಯಲ್ಲಿ ಮೋಟಾರು ಗಂಟೆ ಹೊಡೆದಾಗಲೆಲ್ಲ ಅಂಗಳದಲ್ಲಿ ಅಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತುಬಿಡುತ್ತಿದ್ದರು. ಇದು ದೇವರದಲ್ಲ ಅಪ್ಪ, ಕೋಳಿಯದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಪ್ಪ ನಿಂತದ್ದು ಭಕ್ತಿಗೆ, ಹುಂಜ ನಿಂತದ್ದು ರಾಗಿಗೆ. ನನ್ನ ಸೆನ್ಸರಿಗೆ ಎರಡೂ ಒಂದೇ.

ಹರಕೆ ತೀರಿಸುವ ಮಂಗಳವಾರ ಬಂತು. ಹೊಲದ ಬೇವಿನ ಮರದ ಕೆಳಗೆ ಮಾರಮ್ಮನ ಕಲ್ಲು. ಪೂಜೆ ಮಾಡುವವರು ದೊಡ್ಡಪ್ಪ, ಅಪ್ಪನ ಅಣ್ಣ. ಹುಂಜದ ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕಲ್ಲಿನ ಮುಂದೆ ನಿಲ್ಲಿಸಿದರು. ನೀರು ಚಿಮುಕಿಸಿದಾಗ ಹುಂಜ ಮೈ ಒದರಬೇಕು. ಒದರಿದರೆ ಅಮ್ಮ ಒಪ್ಪಿದಳು ಎಂದರ್ಥ. ಒದರದಿದ್ದರೆ ಹರಕೆ ಅವಳಿಗೆ ಮುಟ್ಟಲಿಲ್ಲ. ದೊಡ್ಡಪ್ಪ ಎಡಗೈಯಲ್ಲಿ ಗಂಟೆ ಹಿಡಿದು ಬಾರಿಸುತ್ತಾ ಬಲಗೈಯಲ್ಲಿ ನೀರು ಚಿಮುಕಿಸಿದರು.

ಹುಂಜ ಕತ್ತೆತ್ತಿ ನಿಂತಿತು. ಗಂಟೆ ಜೋರಾಯಿತು, ಹುಂಜ ಇನ್ನೂ ಗಟ್ಟಿಯಾಗಿ ನಿಂತಿತು. ಚೊಂಬಿನ ನೀರೆಲ್ಲ ಸುರಿದರು. ಜುಟ್ಟಿನಿಂದ ನೀರು ತೊಟ್ಟಿಕ್ಕುತ್ತಿದೆ, ಹುಂಜ ಮಾತ್ರ ಮಿಸುಕಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಫಲಿತಾಂಶ ಅದು, ಬರೆದುಕೊಳ್ಳಲು ಬೋರ್ಡು ಇರಲಿಲ್ಲ ಅಷ್ಟೇ. ನೆಂಟರಲ್ಲಿ ಗುಸುಗುಸು ಎದ್ದಿತು. ಒಬ್ಬರು ಕಲ್ಲಿನ ದಿಕ್ಕು ಸರಿಯಿಲ್ಲ ಎಂದರು. ಇನ್ನೊಬ್ಬರು ಯಾರೋ ಮೊಟ್ಟೆ ತಿಂದು ಬಂದಿದ್ದಾರೆ ಎಂದು ಎಲ್ಲರ ಮುಖ ನೋಡತೊಡಗಿದರು.

ಅವ್ವ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಅಪ್ಪನನ್ನು. ಅಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಕೈಮುಗಿದು, ಥೇಟ್ ಹುಂಜದ ಹಾಗೆಯೇ ಅಲುಗಾಡದೆ ನಿಂತಿದ್ದರು. ಅವ್ವನ ಮುಖ ಬಿಳಿಚಿಕೊಂಡಿತು. ನನ್ನ ತೋಳು ಹಿಡಿದುಕೊಂಡಳು.

“ಅಮ್ಮ ಉಂಜ ಬ್ಯಾಡ ಅಂತಾವ್ಳ ಕಣವ್ವ. ನಿಮ್ಮಪ್ಪನ್ನೇ ವಾಪಸ್ ಕೇಳ್ತಾವ್ಳ.”

ನಾನು ಬಾಯಿ ಮುಚ್ಚಿಕೊಂಡಿದ್ದರೆ ಹುಂಜವೂ ಉಳಿಯುತ್ತಿತ್ತು, ಥೀಸಿಸ್ಸೂ ಉಳಿಯುತ್ತಿತ್ತು. ಇನ್ನೊಂದಿಷ್ಟು ಹೊತ್ತು ಗಂಟೆ ಹೊಡೆದಿದ್ದರೆ ದೊಡ್ಡಪ್ಪನ ಕೈಯೇ ಸೋತು ಎಲ್ಲರೂ ಮನೆಗೆ ಹೊರಡುತ್ತಿದ್ದರು. ಆದರೆ ಅವ್ವ ನನ್ನ ತೋಳನ್ನೂ ಬಿಡಲಿಲ್ಲ, ಅಪ್ಪನ ಮೇಲಿಂದ ಕಣ್ಣನ್ನೂ ಕೀಳಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಮಾರಮ್ಮನ ಮೇಲೂ. ಗಂಟೆ ನಿಲ್ಲಿಸಿ ದೊಡ್ಡಪ್ಪ, ಅದು ಗಂಟೆಗೆ ನಿಂತಿದೆ, ನಾನೇ ಕಲಿಸಿದ್ದು ಎಂದೆ. ದೊಡ್ಡಪ್ಪ ನನ್ನನ್ನು ದುರುಗುಟ್ಟಿ ನೋಡಿದರು, ಗಂಟೆ ಮಾತ್ರ ನಿಲ್ಲಿಸಲಿಲ್ಲ.

“ಗಂಟ ಇಲ್ದ ಪೂಜ ಎಲ್ಲಾರ ಉಂಟಾ ಕಣಮ್ಮಿ?”

ಅವ್ವ ಹೋದವಳೇ ಗಂಟೆಯ ಬಾಯೊಳಗೆ ಕೈ ಹಾಕಿ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಸದ್ದು ನಿಂತಿತು. ಮೈದುನನ ಮಕ್ಕಳ ಎದುರಿಗೂ ಸೆರಗು ಸರಿಪಡಿಸಿಕೊಳ್ಳುವ ಹೆಂಗಸು ಭಾವನ ಕೈಯ ಗಂಟೆ ಹಿಡಿದಿದ್ದನ್ನು ನೋಡಿ ನೆಂಟರೆಲ್ಲ ಬೆಪ್ಪಾದರು.

ಹುಂಜ ಹೆಜ್ಜೆ ಎತ್ತಿತು. ಮುಂದೆ ಬಂದು, ಸ್ವಿಚ್ಚು ಕಾಣದೆ, ಖಾಲಿ ಚೊಂಬಿಗೆ ಟಣ್ಣೆಂದು ಕುಕ್ಕಿತು. ಏನೂ ಬೀಳಲಿಲ್ಲ. ಮತ್ತೆ ಕುಕ್ಕಿತು. ಆಮೇಲೆ ಸೀದಾ ನನ್ನ ಕಾಲ ಬಳಿ ಬಂದು, ಕತ್ತು ವಾರೆ ಮಾಡಿ ನನ್ನ ಮುಖವನ್ನೇ ನೋಡುತ್ತಾ ನಿಂತಿತು. ತನ್ನ ಪಾಲಿನ ಕೆಲಸ ಅದು ಮಾಡಿ ಮುಗಿಸಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ರಾಗಿ ಆಕು ಮಗಾ,” ಎಂದಳು ಅವ್ವ, ಮೆಲ್ಲಗೆ.

ಜೇಬಿನಲ್ಲಿದ್ದ ರಾಗಿಯನ್ನು ಅಂಗೈಗೆ ಸುರಿದುಕೊಂಡು ಕೂತೆ. ಹುಂಜ ಒಂದು ಕಾಳೂ ಬಿಡದೆ ಹೆಕ್ಕಿ ತಿಂದಿತು. ತಿಂದು, ಹಿಂದೆ ಸರಿದು, ಜುಟ್ಟಿನಿಂದ ಬಾಲದವರೆಗೆ ಮೈಯನ್ನು ಪಟಪಟನೆ ಒದರಿತು. ನೀರು ನನ್ನ ಮುಖಕ್ಕೆ ಹಾರಿತು. ಒಪ್ಪಿದಳು, ಒಪ್ಪಿದಳು ಎಂದರು ನೆಂಟರು. ದೊಡ್ಡಪ್ಪ ಮಚ್ಚು ತೆಗೆದುಕೊಂಡರು. ನಾನು ಅತ್ತ ನೋಡಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಮನೆಗೆ ಹೊರಟೆವು. ಅಪ್ಪ ಆಸ್ಪತ್ರೆಯಿಂದ ಬಂದಾಗಿನಿಂದ ಅವ್ವ ಎಲ್ಲಿ ಹೋದರೂ ಅವರ ಹಿಂದೆಯೇ, ಬಿದ್ದರೆ ಹಿಡಿದುಕೊಳ್ಳಲು ಎರಡೂ ಕೈ ಮುಂದೆ ಚಾಚಿಕೊಂಡು ನಡೆಯುತ್ತಿದ್ದಳು. ಅವತ್ತು ಬದುವಿನ ಮೇಲೆ ಅವಳೇ ಮುಂದೆ ಹೊರಟಳು, ಓರಗಿತ್ತಿಯ ಜೊತೆ ಮಸಾಲೆ ಎಷ್ಟು ಅರೆಯಬೇಕೆಂದು ಮಾತಾಡುತ್ತಾ, ಒಮ್ಮೆಯೂ ತಿರುಗಿ ನೋಡದೆ. ಅಪ್ಪ ಕೋಲೂರಿಕೊಂಡು ನಡೆದರು. ಅವರ ಹಿಂದೆ ನಾನು ನಡೆದೆ, ಎರಡೂ ಕೈ ಮುಂದೆ ಚಾಚಿಕೊಂಡು.