ಹೈಸ್ಕೂಲಿನ ಕಂಪ್ಯೂಟರೂ ಶಿವರಾಮನ ಹೊಟ್ಟೆಕಿಚ್ಚೂ

ಕೋಣಂದೂರಿನ ಶಿವರಾಮ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ ದೇವರ ಪಟಕ್ಕೆ ಕೈ ಮುಗಿಯಬೇಕು. ಮುಗಿಯುತ್ತಾನೆ, ಆದರೆ ಅದು ಎರಡನೆಯ ಕೆಲಸ. ಮೊದಲನೆಯದು, ರಸ್ತೆಯ ಆಚೆ ಬದಿಯ ಅಂಗಡಿಯ ಮೆಟ್ಟಿಲ ಮೇಲೆ ಎಷ್ಟು ಜೊತೆ ಚಪ್ಪಲಿ ಇವೆ ಎಂದು ನೋಡುವುದು. ಎರಡು ಜೊತೆಯಿದ್ದರೆ ಆ ದಿನ ತಿಂಡಿ ರುಚಿಸುತ್ತದೆ. ನಾಲ್ಕೈದು ಜೊತೆ ಕಂಡರೆ ಹೆಂಡತಿ ಜಲಜ ಕಟ್ಟಿಕೊಟ್ಟ ಕಡುಬು ಡಬ್ಬಿಯಲ್ಲೇ ತಣ್ಣಗಾಗುತ್ತದೆ. ಆಚೆಯ ಅಂಗಡಿಯೂ ಕಂಪ್ಯೂಟರ್ ರಿಪೇರಿಯದೇ. ಅದರ ಒಡತಿ ಸೌಜನ್ಯ. ಅವಳಿಗೆ ಈ ವಿದ್ಯೆ ಕಲಿಸಿದವನು ಸ್ವತಃ ಶಿವರಾಮ.

ಇವನ ಕಾಲವೊಂದಿತ್ತು. ಗದ್ದೆ ಕೆಲಸ ಒಲ್ಲೆನೆಂದು ಸಾಗರಕ್ಕೆ ಹೋಗಿ, ಒಂದು ವರ್ಷ ರೂಮು ಮಾಡಿಕೊಂಡಿದ್ದು, ಕಂಪ್ಯೂಟರ್ ರಿಪೇರಿ ಕಲಿತು ಬಂದಾಗ ಅಪ್ಪ ದುಗ್ಗಪ್ಪ, "ಪೆಟ್ಟಿಗೆ ಬಿಚ್ಚೋದು ಕಲಿಯೋಕೆ ಒಂದು ವರ್ಷ ಬೇಕೇನೋ ಮಾರಾಯ?" ಎಂದು ಕೇಳಿದ್ದ. ಆದರೆ ಆಗ ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವೆ ಎಲ್ಲಿ ಕಂಪ್ಯೂಟರ್ ಕೆಟ್ಟರೂ ಜನ ಹೇಳುತ್ತಿದ್ದ ಹೆಸರು ಒಂದೇ. ಬಸ್ಸಿನ ಕಂಡಕ್ಟರು ಅವನಿಗಾಗಿ ಸೀಟು ಹಿಡಿದಿಡುತ್ತಿದ್ದ. ಮದುವೆ ಮನೆಗಳಲ್ಲಿ ಅವನನ್ನು ಮೊದಲ ಪಂಕ್ತಿಗೆ ಕೂರಿಸಿ, ಊಟ ಮುಗಿಯುವ ಮೊದಲೇ ತಮ್ಮ ಮನೆಯ ಪ್ರಿಂಟರಿನ ಕಾಯಿಲೆ ಹೇಳಿಕೊಳ್ಳುತ್ತಿದ್ದರು. ಲಗ್ನಪತ್ರಿಕೆಯ ಮೇಲೆ ಕೂಡ 'ಕಂಪ್ಯೂಟರ್ ಶಿವರಾಮ' ಎಂದೇ ಬರೆಯುತ್ತಿದ್ದರು. ಅದನ್ನು ಓದುವಾಗ ಅವನ ಎದೆ ಉಬ್ಬುತ್ತಿತ್ತು. ಉಬ್ಬಲಿ ಬಿಡಿ, ತಪ್ಪೇನೂ ಇಲ್ಲ.

ಆ ದಿನಗಳಲ್ಲೇ ಅದೇ ಊರಿನ ಪುಷ್ಪಮ್ಮ ಎಂಬವರ ಮಗಳು ಸೌಜನ್ಯ ಪಿಯುಸಿ ಮುಗಿಸಿ ಟೈಪಿಂಗ್ ಕಲಿಯಲೆಂದು ಅವನ ಅಂಗಡಿಗೆ ಬಂದಳು. ಟೈಪಿಂಗ್ ಒಂದೇ ತಿಂಗಳಲ್ಲಿ ಮುಗಿಯಿತು. ಉಳಿದದ್ದನ್ನೆಲ್ಲ ಮೂರು ವರ್ಷ ಅಲ್ಲೇ ಕೂತು ಕಲಿತಳು. ಶಿವರಾಮನೂ ಏನನ್ನೂ ಮುಚ್ಚಿಡಲಿಲ್ಲ. ಚುರುಕು ಹುಡುಗಿ ಎಂದು ಬಂದವರೆದುರೆಲ್ಲ ಹೊಗಳಿದ. ನಾಲ್ಕನೆಯ ವರ್ಷ ಅವಳು ಬಂದು, ಎದುರಿನ ಮಳಿಗೆಯಲ್ಲಿ ತಾನೇ ಅಂಗಡಿ ಇಡುತ್ತೇನೆಂದು ಹೇಳಿ, ಕಾಲಿಗೆ ಬಿದ್ದಳು. ಶಿವರಾಮ ತಲೆಯ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಎಂದ. ಆ ಕೈ ಕೆಳಗಿಳಿಯುವ ಮೊದಲೇ ಹೊಟ್ಟೆಯೊಳಗೆ ಉರಿ ಶುರುವಾಗಿತ್ತು.

ಮೂರು ವರ್ಷದಲ್ಲಿ ಪಂಚಾಯಿತಿಯ ಕೆಲಸ ಅವಳ ಪಾಲಾಯಿತು. ಫೋಟೋ ಸ್ಟುಡಿಯೋ ಹೋಯಿತು. ಅಡಿಕೆ ವ್ಯಾಪಾರದವರೂ ಒಬ್ಬೊಬ್ಬರಾಗಿ ರಸ್ತೆ ದಾಟಿದರು. "ನಿಮ್ಗೆ ಯಾಕೆ ತೊಂದ್ರೆ ಕೊಡೋದು ಅಂತ" ಎಂದು ಅವರು ಹಲ್ಲು ಕಿರಿಯುವಾಗ ಶಿವರಾಮನೂ ಹಲ್ಲು ಕಿರಿಯುತ್ತಿದ್ದ. ಉಳಿದದ್ದು ಹೊಸನಗರ ರಸ್ತೆಯ ಹೈಸ್ಕೂಲೊಂದೇ. ಅಲ್ಲಿಗೆ ಮೊದಲ ಕಂಪ್ಯೂಟರ್ ತಂದು ಜೋಡಿಸಿದವನು ಅವನು. ಅದೂ ಕೈಬಿಟ್ಟರೆ 'ಕಂಪ್ಯೂಟರ್ ಶಿವರಾಮ' ಎಂಬ ಅಡ್ಡಹೆಸರು ಹೇಳಿಕೊಳ್ಳಲು ಅವನಿಗೆ ಯಾವ ಆಧಾರವೂ ಉಳಿಯುತ್ತಿರಲಿಲ್ಲ.

ಆ ಹೈಸ್ಕೂಲಿಗೂ ಆಗಸ್ಟಿನಲ್ಲಿ ಅವಳ ಕಾಲು ತಗುಲಿತು. ಶಿವರಾಮ ಹೊನ್ನೆಮರಡಿನ ನೆಂಟರ ಮನೆಗೆ ಹೋಗಿದ್ದ ದಿನವೇ ಆಫೀಸಿನ ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟು, ಸೌಜನ್ಯ ಹೋಗಿ ಹೊಸದು ಹಾಕಿ ಬಂದಳು. ತಿರುಗಿ ಬಂದು ವಿಷಯ ತಿಳಿದಾಗ ಶಿವರಾಮನಿಗೆ ನೆಂಟರ ಮೇಲೂ ಸಿಟ್ಟು ಬಂತು.

ದಸರಾ ರಜೆ ಮುಗಿದು ಶಾಲೆ ತೆರೆದ ಸೋಮವಾರ ಗುಮಾಸ್ತ ನಾರಾಯಣಮೂರ್ತಿಯ ಫೋನು ಬಂತು.

"ಶಿವರಾಮಣ್ಣ, ಬೇಗ ಬನ್ನಿ ಮಾರಾಯ್ರೆ. ಕಂಪ್ಯೂಟರ್ ಆನ್ ಆಗ್ತದೆ, ಸ್ವಲ್ಪ ಹೊತ್ತಿಗೆ ತನ್ನಷ್ಟಕ್ಕೇ ಆಫ್ ಆಗ್ತದೆ. ಹತ್ತನೇ ಕ್ಲಾಸಿನ ಮಕ್ಳ ಹೆಸರು ಪರೀಕ್ಷೆಗೆ ಕಳಿಸ್ಲಿಕ್ಕೆ ಇವತ್ತೇ ಕೊನೆ. ಫೋಟೋ, ಅರ್ಜಿ ಎಲ್ಲ ಅದ್ರೊಳಗೇ ಉಂಟು."

"ಬೇರೆ ಯಾರಿಗಾದ್ರೂ ಹೇಳಿದ್ರಾ?" ಎಂದ ಶಿವರಾಮ.

"ಇಲ್ಲ, ಮೊದ್ಲು ನಿಮ್ಗೇ."

ಮೊದಲು ನಿಮಗೇ! ಶಿವರಾಮ ಚೀಲ ಹೆಗಲಿಗೇರಿಸಿ, ಬೈಕನ್ನು ಬೇಕೆಂದೇ ಸೌಜನ್ಯಳ ಅಂಗಡಿಯ ಮುಂದೆ ಸುತ್ತಿಸಿಕೊಂಡು ಹೊರಟ.

ಮುಖ್ಯೋಪಾಧ್ಯಾಯಿನಿ ಅನ್ನಪೂರ್ಣೇಶ್ವರಿ ಬಾಗಿಲಲ್ಲೇ ಕಾಯುತ್ತಿದ್ದರು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. "ಮಧ್ಯಾಹ್ನದೊಳಗೆ ಆಗ್ಬೇಕು ಶಿವರಾಮ್. ಆಗ್ಲಿಲ್ಲ ಅಂದ್ರೆ ಸೌಜನ್ಯನ್ನ ಕರೀತೀನಿ. ಬೇಜಾರು ಮಾಡ್ಕೋಬೇಡಿ, ಮಕ್ಕಳ ವಿಷಯ" ಎಂದರು.

"ಅವ್ಳು ಎಂತಕ್ಕೆ ಮೇಡಂ? ಹನ್ನೊಂದಕ್ಕೆ ನೀವು ಕೆಲ್ಸ ಶುರು ಮಾಡಿ" ಎಂದ ಶಿವರಾಮ. ಆಗ ಹತ್ತು ಗಂಟೆ.

ಸಿಪಿಯುವಿನ ಪಕ್ಕದ ತಗಡು ಬಿಚ್ಚಿದವನಿಗೆ ಮೊದಲು ಕಂಡದ್ದು ಸೌಜನ್ಯಳ ಕೈಕೆಲಸ. ಒಳಗಿನ ವೈರುಗಳನ್ನೆಲ್ಲ ಒಂದೇ ಅಳತೆಗೆ ಸೇರಿಸಿ, ಬಿಳಿಯ ಪಟ್ಟಿಗಳಿಂದ ಬಿಗಿದು, ಒಂದು ಮೂಲೆಗೆ ಒತ್ತಿ ಕಟ್ಟಿದ್ದಳು. ಜಡೆ ಹೆಣೆದ ಹಾಗಿತ್ತು. ಅವನಿಗೆ ಆ ಅಚ್ಚುಕಟ್ಟುತನವನ್ನು ನೋಡಲಾಗಲಿಲ್ಲ. ತಾನು ಇಷ್ಟು ವರ್ಷ ವೈರುಗಳನ್ನು ಸುಮ್ಮನೆ ಒಳಗೆ ತುರುಕಿ ತಗಡು ಮುಚ್ಚಿದ್ದು ನೆನಪಾಗಿ ಮೈ ಪರಚಿಕೊಳ್ಳುವಂತಾಯಿತು.

"ನೋಡಿ, ಇಷ್ಟು ಬಿಗಿದು ಕಟ್ಟಿದ್ರೆ ಕರೆಂಟು ಸರಿಯಾಗಿ ಹೋಗೋದು ಹೆಂಗೆ?" ಎಂದು ನಾರಾಯಣಮೂರ್ತಿಗೆ ಹೇಳಿದ. ಇದು ಶುದ್ಧ ಸುಳ್ಳು, ಹೇಳಿದವನಿಗೂ ಗೊತ್ತಿತ್ತು. ಕಟಿಂಗ್ ಪ್ಲೇಯರ್ ತೆಗೆದು ಒಂದೊಂದೇ ಪಟ್ಟಿಯನ್ನು ಕಟ್ ಕಟ್ ಎಂದು ಕತ್ತರಿಸಿದ. ಬಿಡುಗಡೆಯಾದ ವೈರುಗಳು ಜೋಲಿ ಬಿದ್ದು ಒಳಗಿದ್ದುದನ್ನೆಲ್ಲ ಮುಚ್ಚಿಕೊಂಡವು. ಶಿವರಾಮನಿಗೆ ಸಮಾಧಾನವಾಯಿತು.

ತಪ್ಪು ಅವಳು ಹಾಕಿದ ಪವರ್ ಸಪ್ಲೈಯಲ್ಲೇ ಇರಬೇಕು, ಇದ್ದೇ ಇರಬೇಕು, ಇಲ್ಲದಿದ್ದರೂ ಇರಬೇಕು. ಅದನ್ನು ಬಿಚ್ಚಿ, ತಾನು ತಂದಿದ್ದನ್ನು ಹಾಕಿ, ಗುಂಡಿ ಒತ್ತಿದ. ಪರದೆ ಬೆಳಗಿತು. "ಹೇಳ್ಲಿಲ್ವಾ ನಾನು?" ಎಂದು ತಿರುಗುವಷ್ಟರಲ್ಲಿ ಪೂರಾ ಕತ್ತಲಾಯಿತು. ಮತ್ತೆ ಒತ್ತಿದ. ಈ ಸಲ ಇನ್ನೂ ಬೇಗ ಆರಿತು.

ಸರಿ, ರ‍್ಯಾಮ್ ತೆಗೆದ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚನ್ನು ಉಜ್ಜಿ ಕೂರಿಸುವುದು ಅವನ ಹಳೆಯ ಮದ್ದು. ಮಲೆನಾಡಿನ ತೇವಕ್ಕೆ ಹತ್ತರಲ್ಲಿ ಏಳು ಕಂಪ್ಯೂಟರು ಅದರಿಂದಲೇ ಎದ್ದು ಕೂರುತ್ತವೆ. ಉಜ್ಜಿದ, ಕೂರಿಸಿದ, ಒತ್ತಿದ. ಆರಿತು. ಹಾರ್ಡ್ ಡಿಸ್ಕಿನ ವೈರು ಬದಲಿಸಿದ. ಆರಿತು. ಸ್ವಿಚ್ ಬೋರ್ಡನ್ನೇ ಬೈದು ಬೇರೆ ಕೋಣೆಯಿಂದ ಕರೆಂಟು ಎಳೆದ. ಅದಕ್ಕೂ ಆರಿತು. ಹನ್ನೊಂದು ಹೊಡೆಯಿತು, ಹನ್ನೆರಡೂ ಹೊಡೆಯಿತು. ಅವನ ಬೆನ್ನಿನ ಮೇಲೆ ಅಂಗಿ ಅಂಟಿಕೊಂಡಿತು. ಪ್ರತಿ ಸಲ ಕಂಪ್ಯೂಟರ್ ಆರಿದಾಗಲೂ ಅವನ ಮನಸ್ಸು ಯಂತ್ರದ ಕಡೆ ಹೋಗುವ ಬದಲು, ಇದರಲ್ಲಿ ಅವಳು ಏನು ಕೆಡಿಸಿರಬಹುದು ಎಂದೇ ಹುಡುಕುತ್ತಿತ್ತು.

ಹನ್ನೆರಡೂವರೆಗೆ ಹೊರಗೆ ಸ್ಕೂಟಿ ನಿಂತ ಸದ್ದಾಯಿತು. ಅನ್ನಪೂರ್ಣೇಶ್ವರಿಯವರು ಹೇಳಿದ ಮಾತನ್ನು ಮಾಡಿಯೇಬಿಟ್ಟಿದ್ದರು.

"ಶಿವರಾಮಣ್ಣ, ಊಟ ಆಯ್ತಾ?" ಎಂದು ಕೇಳುತ್ತ ಸೌಜನ್ಯ ಒಳಗೆ ಬಂದಳು. ಕತ್ತರಿಸಿ ಬಿದ್ದಿದ್ದ ಬಿಳಿ ಪಟ್ಟಿಗಳನ್ನು ನೋಡಿದಳು, ಬಗ್ಗಿ ಆರಿಸಿ ಮೇಜಿನ ಮೂಲೆಗಿಟ್ಟಳು. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು.

"ನಂಗೆ ಗೊತ್ತಾಗ್ದೇ ಇದ್ದಿದ್ದು ನಿಂಗೆ ಗೊತ್ತಾಗ್ತದಾ? ನೋಡು, ನೋಡು" ಎಂದು ಅವನು ಕುರ್ಚಿ ಸರಿಸಿಕೊಂಡು ಪಕ್ಕಕ್ಕೆ ಕೂತ.

ಅವಳು ಯಂತ್ರವನ್ನು ಮುಟ್ಟುವ ಮೊದಲು ನಾರಾಯಣಮೂರ್ತಿಯನ್ನು ಕೇಳಿದಳು. "ಬೆಳಿಗ್ಗೆ ಮೊದಲ ಸಲ ಎಷ್ಟು ಹೊತ್ತು ನಡೀತು ಸರ್?"

"ಒಂದು ಮೂರು ನಿಮಿಷ."

"ಆಮೇಲೆ?"

"ಆಮೇಲೆ ಆಮೇಲೆ ಕಡಿಮೆ. ಈಗ ಅರ್ಧ ನಿಮಿಷಾನೂ ಇಲ್ಲ."

ಅಷ್ಟು ಕೇಳಬೇಕೆಂದು ಶಿವರಾಮನಿಗೆ ಹೊಳೆದಿರಲಿಲ್ಲ. ಯಂತ್ರ ತಣ್ಣಗಿದ್ದಾಗ ಹೆಚ್ಚು ಹೊತ್ತು ನಡೆದು, ಬಿಸಿಯಾದಂತೆ ಬೇಗ ಬೇಗ ನಿಂತರೆ ಏನರ್ಥ ಎಂದು ಅವಳಿಗೆ ಪಾಠ ಹೇಳಿಕೊಟ್ಟವನೇ ಅವನು. ಮುಂದಿನದು ಅವಳು ಮಾಡುವ ಮೊದಲೇ ಅವನಿಗೆ ಗೊತ್ತಾಯಿತು.

ಸೌಜನ್ಯ ಜೋತುಬಿದ್ದ ವೈರುಗಳನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಕೆಳಗೆ ಪ್ರೊಸೆಸರನ್ನು ತಣ್ಣಗಿಡುವ ಪುಟ್ಟ ಫ್ಯಾನು. ಬೆರಳಿಂದ ತಳ್ಳಿದರೆ ತಿರುಗಲಿಲ್ಲ. ಚಿಮುಟ ಹಾಕಿ ರೆಕ್ಕೆಗಳ ಸಂದಿಯಿಂದ ಏನನ್ನೋ ಕಿತ್ತು ಅಂಗೈಗೆ ಹಾಕಿಕೊಂಡಳು. ಒಂದು, ಎರಡು, ಆರು, ಏಳು. ಅಕ್ಕಿ ಕಾಳು. ಕೆಂಪು ಅಕ್ಷತೆ, ತುಪ್ಪದ ಪಸೆಗೆ ಒಣಗಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು.

ಶಿವರಾಮನ ಮುಖ ಕಪ್ಪಿಟ್ಟಿತು. ಆಯುಧಪೂಜೆಯ ದಿನ ಈ ಸಿಪಿಯುವನ್ನು ಮಣೆಯ ಮೇಲೆ ಅಡ್ಡ ಮಲಗಿಸಿ, ಹೂವಿಟ್ಟು, ಕಾಯಿ ಒಡೆದು ಪೂಜೆ ಮಾಡಿದ್ದರು. ಶಾಲೆಗೆ ಮೊದಲು ಕಂಪ್ಯೂಟರ್ ತಂದವರೆಂದು ಆರತಿ ಎತ್ತಲು ಅವನನ್ನೇ ಕರೆದಿದ್ದರು. ಸೌಜನ್ಯ ಹಿಂದೆ ಮಕ್ಕಳ ಜೊತೆ ಕೈಮುಗಿದು ನಿಂತಿದ್ದಳು. ಅವಳಿಗೆ ಕಾಣಲೆಂದು ಶಿವರಾಮ ಒಂದು ಹಿಡಿ ಅಕ್ಷತೆಯನ್ನು ಎತ್ತರದಿಂದ ಸುರಿದ. ಅವಳು ಸರಿಯಾಗಿ ನೋಡಲಿಲ್ಲವೆಂದು ಅನ್ನಿಸಿ ಇನ್ನೊಂದು ಹಿಡಿ ಸುರಿದ. ತಗಡಿನ ಜಾಲರಿ ಇರುವುದು ಸರಿಯಾಗಿ ಆ ಫ್ಯಾನಿನ ಮೇಲೆ. ಪೂಜೆಯಾದ ಮೇಲೆ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ, ಇವತ್ತೇ ಮೊದಲು.

"ಎಂತದು ಅದು ಸೌಜನ್ಯ?" ಎಂದು ಅನ್ನಪೂರ್ಣೇಶ್ವರಿ ಬಗ್ಗಿದರು.

ಸೌಜನ್ಯ ಅಂಗೈ ಮುಚ್ಚಿದಳು. "ಎಂತ ಇಲ್ಲ ಮೇಡಂ, ಧೂಳು. ಗಟ್ಟಿಯಾಗಿಬಿಟ್ಟಿತ್ತು. ಈಗ ಆನ್ ಮಾಡಿ."

ಫ್ಯಾನು ಜುಂಯೆಂದು ತಿರುಗಿತು. ಒಂದು ನಿಮಿಷವಾಯಿತು, ಐದಾಯಿತು. ನಾರಾಯಣಮೂರ್ತಿ ಮಕ್ಕಳ ಹೆಸರುಗಳನ್ನು ತೆರೆದು ಕೂತ. ಅವಳು ಮುಷ್ಟಿಯನ್ನು ಹಾಗೆಯೇ ಚೂಡಿದಾರದ ಜೇಬಿಗೆ ಇಳಿಸಿದಳು. ಶಿವರಾಮನ ಕಡೆ ನೋಡಲೂ ಇಲ್ಲ.

ಆಗ ಶಿವರಾಮನಿಗೆ ಬಂದ ಹೊಟ್ಟೆಕಿಚ್ಚು ಹಿಂದೆಂದೂ ಬಂದಿರಲಿಲ್ಲ. ಅವಳ ಕೈಚಳಕ ತನಗಿಂತ ಹೆಚ್ಚೆಂಬುದನ್ನು ಹೇಗೋ ನುಂಗಿಕೊಂಡಿದ್ದ. ಆದರೆ ಇದು? ತನ್ನ ಕೈಗೆ ಅವಳ ತಪ್ಪಿನ ಒಂದೇ ಒಂದು ಕಾಳು ಸಿಕ್ಕಿದ್ದರೆ ತಟ್ಟೆಯಲ್ಲಿಟ್ಟು ಇಡೀ ಸ್ಟಾಫ್ ರೂಮಿಗೆ ತೋರಿಸುತ್ತಿದ್ದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಜೇಬಿಗೆ ಹಾಕಿಕೊಂಡಳು. ಇದರಲ್ಲೂ ಅವಳೇ ಮೇಲಾದರೆ ತನಗೆ ಉಳಿಯುವುದೇನು?

"ಧೂಳಲ್ಲ ಮೇಡಂ" ಎಂದುಬಿಟ್ಟ. "ಅಕ್ಷತೆ. ಪೂಜೆ ದಿನ ನಾನು ಹಾಕಿದ್ದು. ಫ್ಯಾನಿಗೆ ಸಿಕ್ಕಿಕೊಂಡಿತ್ತು. ಅವ್ಳು ಕಟ್ಟಿದ ವೈರು ಕತ್ತರಿಸಿ ನಾನೇ ಅದನ್ನ ಮುಚ್ಚಿಹಾಕಿದೆ, ಅದ್ಕೇ ಕಾಣ್ಲಿಲ್ಲ. ಅವ್ಳು ಹಾಕಿದ ಪವರ್ ಸಪ್ಲೈ ಸರಿಯಾಗೇ ಇತ್ತು."

ನಾರಾಯಣಮೂರ್ತಿ ನಗು ತಡೆಯಲು ಕೆಮ್ಮಿದ. ಅನ್ನಪೂರ್ಣೇಶ್ವರಿಯವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಹೇಳಿದ್ದು ಒಳ್ಳೆಯದಾಯ್ತು ಶಿವರಾಮ್" ಎಂದರು. "ಆದ್ರೆ ಇನ್ಮೇಲೆ ಇಲ್ಲಿನ ಕೆಲ್ಸ ಸೌಜನ್ಯ ನೋಡ್ಕೊಳ್ಳಲಿ. ಪೂಜೆಗೆ ನೀವೇ ಬರ್ಬೇಕು ಮತ್ತೆ. ಹೂವು ಸಾಕು."

ಮಕ್ಕಳ ಹೆಸರುಗಳೆಲ್ಲ ಹೋಗಿ ಮುಗಿದ ಮೇಲೆ ಶಿವರಾಮ ತನ್ನ ಪವರ್ ಸಪ್ಲೈ ಬಿಚ್ಚಿಕೊಂಡು, ಅವಳದನ್ನು ವಾಪಸು ಕೂರಿಸಿಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಬೈಕಿನ ಕೀಲಿಗೆ ಜೇಬು ತಡಕಿದ. ಹಿಂದೆಯೇ ಸೌಜನ್ಯ ಬಂದಳು.

"ಯಾಕೆ ಹೇಳಿದ್ರಿ ಶಿವರಾಮಣ್ಣ? ನಾನು ಹೇಳ್ತಿರ್ಲಿಲ್ಲ."

"ಅದಕ್ಕೇ ಹೇಳಿದ್ದು" ಎಂದ ಶಿವರಾಮ. "ನಿನ್ನ ಉಪಕಾರ ಬೇರೆ ಹೊತ್ಕೊಂಡು ತಿರುಗೋಕೆ ನನ್ನಿಂದ ಆಗೋದಿಲ್ಲ. ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತದೆ, ಗೊತ್ತುಂಟಾ?"

ಇಷ್ಟು ವರ್ಷದಲ್ಲಿ ಹೆಂಡತಿಯೆದುರೂ ಆ ಮಾತು ಆಡಿರಲಿಲ್ಲ. ಆಡಿದ ಮೇಲೆ ನೆಲ ನೋಡಿದ.

"ಗೊತ್ತು" ಎಂದಳು ಸೌಜನ್ಯ, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ. "ಅಂಗಡಿ ಇಟ್ಟ ದಿನದಿಂದ ಗೊತ್ತು."

"ಮತ್ತೆ ಎದುರಿಗೇ ಎಂತಕ್ಕೆ ಇಟ್ಟೆ? ಊರಲ್ಲಿ ಬೇರೆ ಜಾಗ ಇರ್ಲಿಲ್ವಾ?"

"ಕೆಲಸ ಕೈಕೊಟ್ರೆ ರಸ್ತೆ ದಾಟಿ ನಿಮ್ಮನ್ನ ಕೇಳ್ಬಹುದಲ್ಲ ಅಂತ ಇಟ್ಟೆ." ಅವಳು ಸ್ಕೂಟಿಯ ಕೀಲಿ ತಿರುಗಿಸಿದಳು. "ಇಲ್ಲಿವರೆಗೆ ಕೈಕೊಡ್ಲಿಲ್ಲ."

ಆ ಮಾತಿನ ಮೊದಲ ಅರ್ಧಕ್ಕೆ ಶಿವರಾಮನ ಕಣ್ಣು ತುಂಬಿ ಬಂತು. ಎರಡನೆಯ ಅರ್ಧಕ್ಕೆ ಮತ್ತೆ ಹೊಟ್ಟೆ ಉರಿಯಿತು.